ಜೀನ್ಸ್ ಶೆಡ್ಡಿನಲ್ಲಿ ಸುಬೇದಾರರ ದರ್ಬಾರು

ಈ ವರ್ಷದ ಮೊದಲ ಜೋರು ಮಳೆಗೆ ನಮ್ಮ ಶೆಡ್ಡಿನ ಮೂಲೆಯ ತಗಡು ಸೋರಿತು. ಸರಿಯಾಗಿ ಅದರ ಕೆಳಗೇ ಯಾರೋ ಪುಣ್ಯಾತ್ಮರು ಜೀನ್ಸ್ ಬಟ್ಟೆಯ ಥಾನು ಇಟ್ಟಿದ್ದರು. ಬೆಳಿಗ್ಗೆ ಶಟರ್ ಎತ್ತಿದೆ. ಒದ್ದೆ ನೀಲಿ ಬಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಹಳಸಿದ ಗಂಜಿಗೆ ತುಕ್ಕು ಕದಡಿದ ಹಾಗಿರುತ್ತದೆ ಅದು. ವ್ಯಾಪಾರಸ್ಥನಿಗೆ ಅದು ನಷ್ಟದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ತಲೆ ತಗ್ಗುತ್ತದೆ, ತಿಪ್ಪೇಸ್ವಾಮಿ ಭಾವ ನಮ್ಮ ಶೆಡ್ಡಿನಲ್ಲಿದ್ದ ಆ ಒಂದು ಮಳೆಗಾಲ ನೆನಪಾಗಿ.

ರಾಯದುರ್ಗದ ಜೀನ್ಸ್ ಬಜಾರಿನಲ್ಲಿ ನನ್ನನ್ನು ಬಲ್ಲವರಿಗೆ ನಾನು ಎಂಥವನೆಂದು ಹೇಳಬೇಕಾಗಿಲ್ಲ. ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದವನು, ಮಷೀನಿಗೆ ಕೂತೆ, ಬಾಡಿಗೆಗೆ ಮಷೀನು ಹಾಕಿದೆ, ಕೊನೆಗೆ ಸ್ವಂತ ಶೆಡ್ಡು ಕಟ್ಟಿದೆ. ಯಾರಪ್ಪನ ಆಸ್ತಿಯೂ ನನಗೆ ಬರಲಿಲ್ಲ, ಬಂದದ್ದು ಬಾಯಿ. ಬಟ್ಟೆಯವನ ಹತ್ತಿರ, ಗುಂಡಿಯವನ ಹತ್ತಿರ, ಲಾರಿಯವನ ಹತ್ತಿರ ನನ್ನಷ್ಟು ಚೌಕಾಸಿ ಮಾಡುವವನು ಈ ಊರಲ್ಲಿ ಕಡಿಮೆ. ಹೊಸದಾಗಿ ಕಸುಬಿಗೆ ಇಳಿಯುವವರಿಗೆ ಈಗಲೂ ಒಂದು ಮಾತು ಹೇಳುತ್ತೇನೆ: ಎದುರಿನವನು ತನಗೆ ಏನು ಬೇಕೆಂದು ಹೇಳುವ ತನಕ ನೀವು ಬಾಯಿ ಬಿಡಬೇಡಿ. ವ್ಯಾಪಾರಕ್ಕೆ ಇದು ಒಳ್ಳೆಯ ಬುದ್ಧಿಮಾತೇ. ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಕೊಟ್ಟಿಲ್ಲ.

ತಿಪ್ಪೇಸ್ವಾಮಿ ಭಾವ ನಮ್ಮಕ್ಕನ ಗಂಡ. ಮಡಕಶಿರಾದವರು. ಹದಿನೆಂಟು ತುಂಬುತ್ತಲೇ ಮಿಲಿಟರಿಗೆ ಹೋಗಿ ಸುಬೇದಾರರಾಗಿ ನಿವೃತ್ತರಾಗಿ ಬಂದಿದ್ದರು. ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅಕ್ಕನನ್ನು ನೋಡಲು ಮಡಕಶಿರಾಕ್ಕೆ ಹೋಗಿದ್ದೆ. ಭಾವ ಹಿತ್ತಿಲಲ್ಲಿ ಬಿತ್ತನೆಯ ಕಡಲೆಕಾಯಿ ಸುಲಿಯುತ್ತ ಕೂತಿದ್ದರು, ಬೆನ್ನು ಮಾತ್ರ ಪೆರೇಡಿನಲ್ಲಿರುವ ಹಾಗೆ ನೆಟ್ಟಗೆ.

"ಇವ್ರಿಗೆ ಸುಮ್ನೆ ಕೂರಕ್ಕೆ ಬರಲ್ಲ ಕಣೋ ನಾಗರಾಜ" ಎಂದಳು ಅಕ್ಕ. "ಬೆಳಗಾಗೆದ್ದು ಬಕೀಟೆಲ್ಲ ಸಾಲಾಗಿ ನಿಲ್ಸಿರ್ತಾರೆ. ನಾನೊಂದು ಬಕೀಟು ಆಚೀಚೆ ಇಟ್ರೆ ಮುಖ ಊದಿಸ್ಕೋತಾರೆ."

"ನಿಮ್ಮಂಥವ್ರು ನಮ್ಮ ಶೆಡ್ಡಿಗೆ ಬೇಕಿತ್ರಿ ಭಾವ" ಎಂದು ನಾನು ತಮಾಷೆ ಮಾಡಿದೆ. "ಮಿಲಿಟರಿಯವ್ರಂದ್ರ ನಮ್ಮ ಮಂದಿ ಮಾತು ಕೇಳ್ತಾರ. ನಮ್ಮಲ್ಲೊಬ್ಬ ಅದಾನ ನೋಡ್ರಿ, ಬೆಳುಗುಪ್ಪದ ಕಡಿಯವ, ಅವನೂ ಮಿಲಿಟರಿಯಿಂದ ಬಂದವನ. ಕೆಲಸ ಅಂದ್ರ ಗೆರಿ ಎಳೆದಂಗ."

"ಏನವನ ಹೆಸ್ರು?"

"ಈರಣ್ಣ ಅಂತ್ರಿ."

ಭಾವ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ, ಎದ್ದು, ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು. ಮುಂದಿನ ವಾರ ಅವರೇ ಫೋನ್ ಮಾಡಿ ಮ್ಯಾನೇಜರ್ ಕೆಲಸಕ್ಕೆ ಬರುತ್ತೇನೆ ಎಂದರು. ಸಂಬಳದ ಮಾತೆತ್ತಲಿಲ್ಲ. ನಾನು ಸುಲಭದ ವ್ಯಾಪಾರವಾಯಿತೆಂದು ಹಿಗ್ಗಿದೆ.

ಅವರು ಶೆಡ್ಡಿಗೆ ಬಂದ ಮೊದಲ ದಿನ ನಾನೇ ಎಲ್ಲರಿಗೂ ಪರಿಚಯ ಮಾಡಿಸಿಕೊಂಡು ಹೋದೆ. ಜೇಬು ಹೊಲಿಯುವ ಸಾಲಿನಲ್ಲಿ ಕೂತಿದ್ದ ಈರಣ್ಣ ತಲೆ ಎತ್ತಿ ನೋಡಿದ. ಮರುಗಳಿಗೆ ಸ್ಪ್ರಿಂಗಿನ ಹಾಗೆ ಎದ್ದು ನಿಂತ. ತೊಡೆಯ ಮೇಲಿದ್ದ ಜೇಬಿನ ತುಂಡುಗಳೆಲ್ಲ ನೆಲಕ್ಕೆ ಬಿದ್ದವು.

"ರಾಮ್ ರಾಮ್, ಸಾಬ್."

"ರಾಮ್ ರಾಮ್" ಎಂದರು ಭಾವ. ಅಂದವರು ನೆಲ ನೋಡಿದರು. ಒಂದೇ ಪ್ಲಟೂನಿನಲ್ಲಿದ್ದವರಂತೆ ಎಂದು ಆಮೇಲೆ ತಿಳಿಯಿತು. ನನಗೆ ಖುಷಿಯೋ ಖುಷಿ. ಹಳೆಯ ಜೊತೆಗಾರರು, ಹೊಂದಿಕೊಂಡು ಹೋಗುತ್ತಾರೆ ಎಂದು ಈರಣ್ಣನ ಮಷೀನನ್ನು ಭಾವನ ಮೇಜಿನ ಎದುರಿಗೇ ಹಾಕಿಸಿದೆ.

ನಮ್ಮಲ್ಲಿ ಮಳೆಗಾಲ ಅಂದರೆ ಮೋಡ ನೋಡುತ್ತ ಕೂರುವ ಕಾಲ. ಆ ವರ್ಷ ಹಾಗಾಗಲಿಲ್ಲ, ಸುರಿಯಿತು. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಹೋದಾಗ ಮಷೀನೆಲ್ಲ ಒಮ್ಮೆಗೇ ಸತ್ತು ತಗಡಿನ ಮೇಲೆ ಮಳೆಯ ಸದ್ದು ಮಾತ್ರ ಉಳಿಯುತ್ತಿತ್ತು. ಬಂದ ಕೂಡಲೇ ಯಾರಾದರೊಬ್ಬರು "ವಚ್ಚಿಂದಿ!" ಎಂದು ತೆಲುಗಿನಲ್ಲಿ ಕೂಗುತ್ತಿದ್ದರು, ಬಂತು ಅಂತ. ಕೂಗು ಮುಗಿಯುವ ಮೊದಲೇ ಅಷ್ಟೂ ಪೆಡಲಿನ ಮೇಲೆ ಅಷ್ಟೂ ಕಾಲು. ಹೊಲಿದಷ್ಟಕ್ಕೆ ಕೂಲಿ, ಉಣ್ಣುತ್ತಿದ್ದವರೂ ತುತ್ತು ಬಿಟ್ಟು ಓಡಿ ಬರುತ್ತಿದ್ದರು. ಅದನ್ನು ಅಭ್ಯಾಸ ಮಾಡಿಸಿದವನೇ ನಾನು.

ಭಾವ ಶೆಡ್ಡನ್ನು ಪ್ಲಟೂನಿನ ಹಾಗೆ ನೋಡಿಕೊಂಡರು. ಚಹಾ ಬಂದರೆ ಎಲ್ಲರ ಲೋಟ ತುಂಬಿದ ಮೇಲೇ ತಮ್ಮದು. ಒಮ್ಮೊಮ್ಮೆ ಕೆಟಲಿನಲ್ಲಿ ಉಳಿಯುತ್ತಲೇ ಇರಲಿಲ್ಲ, ನೀರು ಕುಡಿದು ಸುಮ್ಮನಾಗುತ್ತಿದ್ದರು. ಹೊಸ ಸ್ಟೂಲು ಬಂದರೆ ಮೊದಲು ತಾವು ಅರ್ಧ ದಿನ ಕೂತು ನೋಡಿ, ಬೆನ್ನು ನೋಯುತ್ತದೆ ಎಂದು ವಾಪಸು ಕಳಿಸಿದರು. ನಾನು ಹಲ್ಲು ಕಚ್ಚಿಕೊಂಡೆ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಮಾಲು ವಾಪಸು ಬರುವುದು ನಿಂತಿತು. ಗೈರುಹಾಜರಿ ಕಡಿಮೆಯಾಯಿತು. ಬಜಾರಿನಲ್ಲಿ ನಾನು ಎದೆ ಉಬ್ಬಿಸಿ, "ಕೆಲಸಗಾರರನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ನನ್ನ ನೋಡಿ ಕಲಿಯಿರಿ" ಎಂದು ಹೇಳಿಕೊಂಡು ತಿರುಗಿದೆ.

ಅವರು ತಂದ ಇನ್ನೊಂದು ಪದ್ಧತಿಯ ಹೆಸರು ದರ್ಬಾರು. ಪಲ್ಟನ್ನಿನಲ್ಲಿ ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿ ದೊಡ್ಡ ಸಾಹೇಬರು ಎದುರಿಗೆ ನಿಲ್ಲುತ್ತಾರಂತೆ. ಯಾವ ಜವಾನ ಬೇಕಾದರೂ ಎದ್ದು ಕೇಳಬಹುದು. ನಮ್ಮ ಶೆಡ್ಡಿನ ಮೊದಲ ದರ್ಬಾರಿನಲ್ಲಿ ಭಾವ ಹೇಳಿದ ಕಾನೂನು ಇಷ್ಟು: "ಇಲ್ಲಿ ಕೇಳಿದ್ದಕ್ಕೆ ಇಲ್ಲೇ ಉತ್ರ. ಉತ್ರ ಹೇಳೋನು ನಿಂತ್ಕಂಡು ಹೇಳ್ಬೇಕು. ಕೇಳ್ದೋರ ಮೇಲೆ ಆಮೇಲೆ ಯಾರೂ ಹಲ್ಲು ಮಸೆಯಂಗಿಲ್ಲ."

ಮೊದಲು ಬೆಲ್ಟ್ ಪಟ್ಟಿ ಹೊಲಿಯುವ ಲಕ್ಷ್ಮಿದೇವಿ ಎದ್ದಳು. ಅವಳ ಬಾಯಿಗೆ ಇಡೀ ಶೆಡ್ಡು ಹೆದರುತ್ತಿತ್ತು.

"ಸಾರ್, ನಮ್ಮ ಬಾತ್ರೂಮಿಗೆ ಚಿಲಕ ಇಲ್ರಿ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಬಾಗಿಲ ಮುಂದ ಹಾಡಿಕೋತ ನಿಲ್ಲಬೇಕು. ನಂಗ ಬರೋದು ಒಂದ ಹಾಡು. ಹಾಡು ಮುಗಿಯೋದ್ರಾಗ ಒಳಗಿನಾಕಿ ಬರ್ಲಿಲ್ಲಂದ್ರ ಮಾನ ಹೋಗ್ತೈತಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವ ನಗಲಿಲ್ಲ. "ನಾಗರಾಜ, ಎದ್ದು ನಿಂತು ಉತ್ರ ಹೇಳು" ಎಂದರು. ನನ್ನ ಶೆಡ್ಡಿನಲ್ಲಿ, ನನ್ನ ಕೂಲಿಯವರ ಮುಂದೆ, ನಾನು ಎದ್ದು ನಿಂತೆ. ಕಿವಿ ಬಿಸಿಯಾಯಿತು. ಮರುದಿನವೇ ಚಿಲಕ ಬಂತು. ಅವಮಾನವಾಯಿತು ಅನ್ನಿಸಿದ್ದು ಎರಡು ದಿನ. ಆಮೇಲೆ ಚಿಲಕದಷ್ಟು ಅಗ್ಗದಲ್ಲಿ ಇಷ್ಟು ಒಳ್ಳೆಯ ಹೆಸರು ಇನ್ನೆಲ್ಲಿ ಸಿಗುತ್ತದೆ ಎಂದುಕೊಂಡೆ.

ಎರಡನೆಯ ದರ್ಬಾರಿಗೆ ಮಳೆ ಹೊಯ್ಯುತ್ತಿತ್ತು. ದಾರ ಹರಿಯುತ್ತದೆ, ಫ್ಯಾನು ತಿರುಗುವುದಿಲ್ಲ, ಇಂಥವೆಲ್ಲ ಮುಗಿದವು. ಭಾವ "ಇನ್ಯಾರಾದ್ರೂ?" ಎಂದರು. ಈರಣ್ಣ ಎದ್ದ. ಎರಡು ಕೈಯನ್ನೂ ತೊಡೆಗೆ ಒತ್ತಿ ನಿಂತಿದ್ದ.

"ನಂದೊಂದೈತ್ರಿ ಸಾಬ್. ಅವತ್ತು ಬುಖಾರಿ ಆರಿಸಬ್ಯಾಡ ಅಂತ ಹೇಳಿದವ್ರು ಯಾರ್ರಿ?"

ಬುಖಾರಿ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ. ಆದರೆ ಭಾವನ ಮುಖ ನೋಡಿದೆ. ಬಾಯಿ ತೆರೆದರು, ಉತ್ತರ ತುಟಿಯವರೆಗೆ ಬಂದಿತ್ತು ಎಂದು ನಾನು ಈಗ ಆಣೆ ಮಾಡಿ ಹೇಳಬಲ್ಲೆ. ಅಷ್ಟರಲ್ಲಿ ನಾನು ಎದ್ದೆ.

"ಏ ಈರಣ್ಣ, ಕೆಲಸದ ಮಾತಿದ್ರ ಕೇಳು. ಹಳೇ ಪುರಾಣ ಇಲ್ಲ್ಯಾಕ? ಆಯ್ತು, ನಡೀರಿ ಎಲ್ರೂ, ಮಳಿ ಜೋರಾಗ್ತೈತಿ."

ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಜನ ಎದ್ದು ಚದುರಿದರು. ಈರಣ್ಣ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಭಾವನೂ ನಿಂತಿದ್ದರು. ಇಬ್ಬರ ನಡುವೆ ಪ್ಯಾಂಟಿನ ಕಟ್ಟುಗಳಿದ್ದವು.

ಭಾವ ಉಳಿದುಕೊಂಡಿದ್ದು ನಮ್ಮ ಮನೆಯಲ್ಲೇ. ಅಂದು ಸಂಜೆ ಜಗಲಿಯ ಮೇಲೆ ಎಲ್ಲ ಹೇಳಿದರು. ಹಿಮದ ಬೆಟ್ಟದ ಮೇಲಿನ ಒಂದು ಪೋಸ್ಟಿನಲ್ಲಿ ಅವರು ಪ್ಲಟೂನಿಗೆ ಮುಖ್ಯಸ್ಥರು, ಈರಣ್ಣ ಹೊಸಬ ಜವಾನ. ಟೆಂಟು ಬೆಚ್ಚಗಿಡಲು ಸೀಮೆಎಣ್ಣೆಯ ಒಲೆ, ಅದೇ ಬುಖಾರಿ. ಮಲಗುವ ಹೊತ್ತಿಗೆ ಅದನ್ನು ಆರಿಸಲೇಬೇಕು. ಆರಿದೆಯೇ ಎಂದು ನೋಡುವುದು ಪಹರೆಯವನ ಕೆಲಸ. ಅಂದು ಭಾವನಿಗೆ ಜ್ವರ. ಪಹರೆಯಲ್ಲಿದ್ದ ಈರಣ್ಣ ಆರಿಸಲು ಬಂದಾಗ, "ಇರ್ಲಿ ಬುಡು" ಎಂದರಂತೆ. ಟೆಂಟಿಗೆ ಬೆಂಕಿ ಹತ್ತಿತು. ಜೀವ ಹೋಗಲಿಲ್ಲ. ಒಬ್ಬ ಜವಾನನ ಕೈ ಬೆಂದಿತು, ಸಾಮಾನೆಲ್ಲ ಬೂದಿಯಾಯಿತು. ಬೆಳಿಗ್ಗೆ ಮೇಲಿನ ಅಧಿಕಾರಿ ಬಂದು ಪ್ಲಟೂನನ್ನು ಸಾಲಾಗಿ ನಿಲ್ಲಿಸಿ, ಪಹರೆ ಯಾರದು, ಯಾಕೆ ಆರಿಸಲಿಲ್ಲ ಎಂದು ಕೇಳಿದರು.

"ಈರಣ್ಣ ನನ್ನ ಮಖ ನೋಡ್ದ ಕಣೋ. ನಾನು ನೆಟ್ಟಗೆ ಮುಂದಕ್ಕೆ ನೋಡ್ತಾ ನಿಂತ್ಕಂಡೆ. ಸಾವಧಾನ್‌ನಲ್ಲಿ ನಿಂತೋನು ಆಚೀಚೆ ನೋಡಂಗಿಲ್ಲವಲ್ಲ, ಅದೇ ನೆಪ."

"ಅವನರ ಹೇಳಬಹುದಿತ್ತಲ್ರಿ ಭಾವ, ಸಾಹೇಬ್ರು ಹೇಳಿದ್ರು ಅಂತ?"

"ಹೇಳ್ಲಿಲ್ಲ. ನಾನೇ ಹೇಳ್ತೀನಿ ಅಂತ ಕಾದ. ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕಂಡು ಬಂದೆ. ಇವತ್ತು ಕೇಳ್ಬುಟ್ಟ. ನೀನು ಎದ್ಬುಟ್ಟೆ."

ಕೊನೆಯ ಮಾತನ್ನು ದೂರಿನ ಹಾಗೆ ಹೇಳಲಿಲ್ಲ. ಆದರೂ ನನಗೆ ಚುಚ್ಚಿತು. ಚುಚ್ಚಿದಾಗಲೆಲ್ಲ ನನಗೆ ಒಂದೇ ದಾರಿ: ಇದನ್ನು ನಾನು ಸರಿಮಾಡಿಕೊಡುತ್ತೇನೆ ಅನ್ನುವುದು.

"ನೀವು ಸುಮ್ನಿರ್ರಿ ಭಾವ. ನಾ ಮಾತಾಡ್ತೀನಿ ಅವನ ಹತ್ರ. ಏನು ಬೇಕಂತ ಕೇಳ್ತೀನಿ."

"ಏನು ಬೇಕಂದ್ರೂ ಸೈ. ಎಲ್ಲಿಗೆ ಬಾ ಅಂದ್ರೂ ಬತ್ತೀನಿ ಅಂತ ಹೇಳು" ಎಂದರು ಭಾವ.

ಈ ಮಾತನ್ನು ನಾನು ಈರಣ್ಣನಿಗೆ ಹೇಳಲಿಲ್ಲ. ಕೈಯಲ್ಲಿರುವ ಇಸ್ಪೀಟು ಎಲೆಯನ್ನು ಯಾರಾದರೂ ಮೊದಲೇ ತೋರಿಸುತ್ತಾರೆಯೇ?

ಮರುದಿನ ಇಸ್ತ್ರಿ ಮೇಜಿನ ಪಕ್ಕ ಅವನನ್ನು ಕರೆದು ಕೂರಿಸಿ, ಚಹಾ ತರಿಸಿ, ಏನು ಬೇಕೆಂದು ಕೇಳಿದೆ. ಅವನು ಎಷ್ಟೋ ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದವನ ಹಾಗೆ ಹೇಳಿದ.

"ನಮ್ಮೂರಾಗ ಹಾಲಿನ ಡೇರಿ ಮುಂದ ಬೆಳಿಗ್ಗೆ ಮಂದಿ ಸೇರ್ತಾರ್ರಿ. ಅಲ್ಲಿ ಬಂದು ಒಂದ ಮಾತು ಹೇಳ್ಲಿ. ಆರಿಸಬ್ಯಾಡ ಅಂದವ ನಾನು ಅಂತ. ಅಷ್ಟ ಸಾಕ್ರಿ."

ಆ ಬೆಂಕಿಯ ತಪ್ಪಿಗೆ ಅವನ ದಾಖಲೆಯಲ್ಲಿ ಶಿಕ್ಷೆಯ ಕೆಂಪು ಶಾಯಿ ಬಿದ್ದಿತ್ತಂತೆ. ಬಡ್ತಿ ಸಿಗದೆ, ಕೊನೆಗೆ ಬೇಸತ್ತು ಬಿಟ್ಟು ಬಂದಿದ್ದ. ಮಿಲಿಟರಿಯಿಂದ ಓಡಿಸಿದರು, ಟೆಂಟು ಸುಟ್ಟ ಎಂಬ ಮಾತು ಅವನಿಗಿಂತ ಮೊದಲು ಊರು ತಲುಪಿತ್ತು. ಬೀಡಿ ಹಚ್ಚಿಕೊಳ್ಳಬೇಕಾದವರು ಅವನನ್ನು ಕಂಡರೆ, "ಬೆಂಕಿ ಈರಣ್ಣ ಬಂದ, ಕಡ್ಡಿಪೆಟ್ಗಿ ಯಾಕ ಬೇಕು?" ಎನ್ನುತ್ತಿದ್ದರಂತೆ. ಅವನ ತಾಯಿ ಗಂಗಮ್ಮ ಹಾಲು ಹಾಕಲು ಹೋದಾಗಲೂ ಅದೇ ಮಾತು. ಆಮೇಲೆ ಆಕೆ ಪಕ್ಕದ ಮನೆಯವರ ಕೈಯಲ್ಲೇ ಹಾಲು ಕಳಿಸುತ್ತಿದ್ದಳು.

ಇಷ್ಟನ್ನೂ ಕೇಳಿಸಿಕೊಂಡು ನಾನು ಏನು ಮಾಡಿದೆ? ಚೌಕಾಸಿ ಮಾಡಿದೆ.

"ನೋಡು ಈರಣ್ಣ, ಭಾವನಿಗೂ ವಯಸ್ಸಾತು. ಗೊತ್ತಿಲ್ಲದ ಊರಾಗ ನಿಂತು ಹೇಳೋದಂದ್ರ ಹೆಂಗಾಗ್ತೈತಿ? ನಮ್ಮ ಶೆಡ್ಡಿನಾಗ ಎಲ್ರ ಮುಂದ ಹೇಳಿದ್ರ ಸಾಲದ?"

"ಶೆಡ್ಡಿನ ಮಂದಿ ನಂಗೇನೂ ಅಂದಿಲ್ಲಲ್ರಿ. ಅಂದವ್ರು ಊರಾಗ ಅದಾರ."

"ಶೆಡ್ಡಿನಾಗ ನಿಮ್ಮ ಕಡಿ ಮಂದೀನೂ ಅದಾರಲ್ಲ. ಮಾತು ತಾನ ಹೋಗಿ ಮುಟ್ತೈತಿ. ಸುದ್ದಿಗೇನು ಬಸ್ ಟಿಕೀಟು ಬೇಕ?" ನಾನೇ ನಕ್ಕೆ. ಅವನು ನಗಲಿಲ್ಲ. ಆಗ ದನಿ ತಗ್ಗಿಸಿದೆ. "ದೀಪಾವಳಿ ಹೊತ್ತಿಗೆ ನಿನ್ನ ಲೈನ್ ಮೇಸ್ತ್ರಿ ಮಾಡಬೇಕಂತ ಇದ್ದೆ. ಭಾವನೂ ನೀನೂ ಸರಿಹೋದ್ರ ಎಲ್ರಿಗೂ ಚಲೋ. ವಿಚಾರ ಮಾಡು."

ಹೆದರಿಸಿದೆನೇ? ಇಲ್ಲ. ಆಸೆ ತೋರಿಸಿದೆನೇ? ಅದೂ ಪೂರ್ತಿ ಅಲ್ಲ. ಬಾಗಿಲು ಒಂದೇ ಕಡೆ ತೆಗೆಯುವ ಹಾಗೆ ಮಾತು ಜೋಡಿಸುವುದು ನನಗೆ ಕರಗತ. ಈರಣ್ಣ ಲೋಟದ ತಳದಲ್ಲಿದ್ದ ಚಹಾದ ಗಸಿಯನ್ನು ಬಹಳ ಹೊತ್ತು ನೋಡಿದ.

"ನೀವು ಹೇಳಿದಂಗಾಗ್ಲಿ ಬಿಡ್ರಿ, ಸಾವ್ಕಾರ್ರ."

ಭಾವನಿಗೆ ಹೋಗಿ ಹೇಳಿದೆ. "ಅವನೇ ಅಷ್ಟು ಸಾಕಂದ್ನಾ?" ಎಂದು ಎರಡು ಸಲ ಕೇಳಿದರು. "ಅವನ ಬಾಯಿಂದನ ಬಂತ್ರಿ" ಎಂದೆ. ಸುಳ್ಳಲ್ಲ. ಅಷ್ಟು ಅಗ್ಗಕ್ಕೆ ಮುಗಿಸಿಕೊಟ್ಟ ಖುಷಿಗೆ ಆ ಹೊತ್ತು ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ. ನನ್ನ ಹೆಂಡತಿ, "ಏನ್ರಿ, ಯಾರನ್ನ ಬೋಳಿಸಿ ಬಂದ್ರಿ?" ಎಂದಳು. ಅವಳ ಮಾತು ಯಾವಾಗಲೂ ಹಾಗೇ ಎಂದು ನಕ್ಕುಬಿಟ್ಟೆ.

ಒಪ್ಪಂದದ ದಿನ ಬೆಳಗಿನಿಂದ ಮಳೆ. ಕರೆಂಟು ಇರಲಿಲ್ಲ. ಸಂಜೆ ಮಾಲು ಕಳಿಸಲೇಬೇಕು, ಲಾರಿ ಬಂದು ಹೊರಗೆ ನಿಂತಿತ್ತು, ಇನ್ನೂ ಒಂದಿಷ್ಟು ಪ್ಯಾಂಟಿಗೆ ಜೇಬು ಕೂರಬೇಕಿತ್ತು. ಹೇಗೂ ಎಲ್ಲರೂ ಖಾಲಿ ಕೂತಿದ್ದಾರೆ, ಇದೇ ಸರಿಯಾದ ಹೊತ್ತು ಎಂದು ಭಾವನಿಗೆ ಕಣ್ಣು ಸನ್ನೆ ಮಾಡಿದೆ. ಅದೂ ನನ್ನ ಲೆಕ್ಕಾಚಾರವೇ. ಮಷೀನು ನಿಲ್ಲಿಸಿ ಮಾಡಿಸಬೇಕಾದ ಕೆಲಸವನ್ನು ಕರೆಂಟು ಇಲ್ಲದಾಗ ಮಾಡಿಸಿದರೆ ನಷ್ಟವಿಲ್ಲ.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಆ ಕೆಸರಿನಲ್ಲೂ ಬೂಟು ಮಿಂಚುತ್ತಿತ್ತು. ಎಲ್ಲರೂ ಅವರವರ ಸ್ಟೂಲಿನ ಮೇಲೆ ಕೂತೇ ಇದ್ದರು. ಭಾವ ಮುಂದೆ ಬಂದು, ಹಿಮ್ಮಡಿ ಕೂಡಿಸಿ ನಿಂತರು.

"ನಾನು ಸುಬೇದಾರ್ ತಿಪ್ಪೇಸ್ವಾಮಿ. ಹೋದ ದರ್ಬಾರ್‌ನಲ್ಲಿ ಈರಣ್ಣ ಒಂದು ಮಾತು ಕೇಳಿದ್ದ. ಅದಕ್ಕೆ ಉತ್ರ ಹೇಳ್ಬೇಕು. ಅವತ್ತು ನಾನು ಪ್ಲಟೂನ್‌ಗೆ ದೊಡ್ಡೋನು. ಈರಣ್ಣ ಪಹರೆಯಲ್ಲಿದ್ದ. ಒಲೆ ಆರ್ಸಕ್ಕೆ ಅಂತ ಒಳಗೆ ಬಂದ…"

ಟ್ಯೂಬ್‌ಲೈಟು ಎರಡು ಸಲ ಮಿಣುಕಿತು.

"ವಚ್ಚಿಂದಿ!"

ಯಾರೂ ಬೇಕೆಂದು ಮಾಡಲಿಲ್ಲ. ಅವರ ಕಾಲುಗಳು ಕಿವಿಗಿಂತ ಚುರುಕು. ಒಂದು ಮಷೀನು, ನಾಲ್ಕು ಮಷೀನು, ಇಡೀ ಶೆಡ್ಡು. ತಗಡಿನ ಕೆಳಗೆ ಅಷ್ಟು ಮಷೀನು ಒಟ್ಟಿಗೆ ಓಡಿದರೆ ಪಕ್ಕದವನ ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಲಕ್ಷ್ಮಿದೇವಿ ಮಾತ್ರ ಕಾಲು ಎತ್ತಿಕೊಂಡು ಅತ್ತಿತ್ತ ನೋಡಿದಳು. ಉಳಿದವರು ಹೊಲಿಯುತ್ತಿರುವುದನ್ನು ಕಂಡು ಅವಳೂ ತಲೆ ತಗ್ಗಿಸಿದಳು.

ಮೇನ್ ಸ್ವಿಚ್ಚಿನ ಪೆಟ್ಟಿಗೆ ನನ್ನ ಭುಜದ ಪಕ್ಕದಲ್ಲೇ ಇತ್ತು. ಕೈ ಎತ್ತಿದರೆ ಸಾಕಿತ್ತು. ಭಾವ ನನ್ನ ಕಡೆ ನೋಡಿದರು. ಈರಣ್ಣನೂ ನೋಡಿದ. ನಾನು ಬಾಗಿಲಾಚೆ ನಿಂತ ಲಾರಿಯ ಕಡೆ ನೋಡಿದೆ.

ಭಾವ ಹೇಳುತ್ತಲೇ ಹೋದರು. ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಈರಣ್ಣ ಅವರ ತುಟಿಯನ್ನೇ ನೋಡುತ್ತ ಕೂತಿದ್ದ. ಅವನೊಬ್ಬನ ಮಷೀನು ಸುಮ್ಮನಿತ್ತು. ಭಾವ ಹೇಳಿ ಮುಗಿಸಿ ಇನ್ನೂ ನಿಂತೇ ಇದ್ದಾಗ, ಅವನು ಬಗ್ಗಿ ಒಂದು ಜೇಬಿನ ತುಂಡನ್ನು ಎತ್ತಿಕೊಂಡು ಸೂಜಿಯ ಕೆಳಗಿಟ್ಟ.

ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಹೇಳಬೇಕು ಅಂತ ತಾನೇ ಮಾತಾಗಿದ್ದು, ಹೇಳಿದರು, ಮುಗಿಯಿತು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ವಾದದಲ್ಲಿ ಗೆದ್ದೆ ಕೂಡ. ಭಾವ ಆ ಸಂಜೆ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರ ಹಾಸಿಗೆ ಸುತ್ತಿಟ್ಟಿತ್ತು. ಮಡಕಶಿರಾಕ್ಕೆ ಫೋನ್ ಮಾಡಿದರೆ ಅಕ್ಕ, "ಇಲ್ಲಿಗೆಲ್ಲಿ ಬಂದವ್ರೆ? ಏನ್ಲಾ ಮಾಡ್ದೆ ಅವ್ರಿಗೆ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬಂದರು. ಮೊಣಕಾಲವರೆಗೆ ಎರೆ ಮಣ್ಣು. ಜಗಲಿಯ ಮೇಲೆ ಕೂತು ಬೂಟು ಬಿಚ್ಚಿದರು.

"ಎಲ್ಲಿ ಹೋಗಿದ್ರಿ ಭಾವ?"

"ಈರಣ್ಣನ ಊರಿಗೆ. ಡೇರಿ ಮುಂದೆ ನಿಂತು ಹೇಳ್ದೆ."

"ಡೇರಿ ಮಾತು ನಿಮಗ್ಯಾರು ಹೇಳಿದ್ರು?"

"ನಿನ್ನೆ ಸಂಜೆ ನಾನೇ ಅವನ್ನ ಕೇಳ್ದೆ. ಸಾಕಾಯ್ತೇನಪ್ಪಾ ಅಂದೆ. ನಿಜ ಹೇಳು ಅಂದ ಮೇಲೆ ಹೇಳ್ದ."

"ಮಂದಿ ಏನಂದ್ರು?"

"ಕೆಲವ್ರು ಕ್ಯಾನ್ ಹಿಡ್ಕಂಡು ಹೊಂಟೋದ್ರು. ಒಬ್ಬ ಬೈದ. ಕೆಲವ್ರು ನಿಂತು ಕೇಳಿದ್ರು. ಅವನ ತಾಯಿ ಗುಂಪಿನ ಹಿಂದೆ ನಿಂತಿದ್ಳು, ಯಾರೋ ಕರ್ಕಂಡು ಬಂದಿದ್ರು. 'ನಂಗ ಸರಿಯಾಗಿ ಕೇಳ್ಲಿಲ್ಲಪ್ಪಾ, ಇನ್ನೊಂದು ಸಲ ಹೇಳು' ಅಂದ್ಳು. ಮುಂದಕ್ಕೆ ಕರ್ಸಿ ಇನ್ನೊಂದು ಸಲ ಹೇಳ್ದೆ. ಕುಡಿಯಕ್ಕೆ ನೀರು ಕೊಟ್ಳು."

ನನ್ನ ಬಾಯಿಂದ ಪೆದ್ದು ಮಾತೇ ಬಂತು. "ಶೆಡ್ಡಿನ ಮಾತಿಗೆ ಅವನ ಒಪ್ಪಿದ್ನಲ್ರಿ."

ಭಾವ ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ, ನನ್ನ ಮುಖ ನೋಡದೆ ಹೇಳಿದರು. "ನೀನು ಅವನ ಯಜಮಾನ ಕಣೋ ನಾಗರಾಜ. ಯಜಮಾನ ಕೇಳಿದ್ರೆ ಅವನು ಹೂಂ ಅನ್ನದೆ ಇನ್ನೇನಂತಾನೆ? ಆ ಬೆಟ್ಟದ ಮೇಲೆ ನಾನೂ ಯಜಮಾನನೇ ಆಗಿದ್ದೆ."

ವಾರದೊಳಗೆ ಅವರು ಮಡಕಶಿರಾಕ್ಕೆ ಹೊರಟುಹೋದರು. ಜಗಳವಾಡಲಿಲ್ಲ, ಬಂದ ಕೆಲಸ ಮುಗಿಯಿತು ಎಂದರು, ಅಷ್ಟೆ. ಈಗ ಅಲ್ಲಿ ಮಿಲಿಟರಿಗೆ ಸೇರಬೇಕೆನ್ನುವ ಹುಡುಗರಿಗೆ ಬೆಳಗಿನ ಹೊತ್ತು ಓಟ ಕಲಿಸುತ್ತಾರೆ. ನಮ್ಮಲ್ಲಿ ದರ್ಬಾರು ನಿಂತಿತು. ನಾನು ನಿಲ್ಲಿಸಲಿಲ್ಲ, ಮುಂದಿನ ತಿಂಗಳು ಎಲ್ಲರನ್ನೂ ಕೂರಿಸಿ, "ಏನರ ಇದ್ರ ಕೇಳ್ರಿ" ಎಂದೆ. ಯಾರೂ ಏಳಲಿಲ್ಲ. ಲಕ್ಷ್ಮಿದೇವಿಯೂ ಏಳಲಿಲ್ಲ. ಅದರ ಮುಂದಿನ ತಿಂಗಳು ಕೂರಿಸುವುದಕ್ಕೆ ನನಗೇ ಧೈರ್ಯ ಬರಲಿಲ್ಲ.

ಈರಣ್ಣ ದೀಪಾವಳಿಗೆ ಮುಂಚೆ ಕೆಲಸ ಬಿಟ್ಟ. ಬಳ್ಳಾರಿಯಲ್ಲಿ ಒಂದು ಕಡೆ ಸಿಕ್ಕಿದೆ ಎಂದ. ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಯಾವ ಟೈಲರನ್ನು ಬೀಳ್ಕೊಡಲೂ ನಾನು ಹಾಗೆ ಹೋದವನಲ್ಲ. ಅವನು ಚೀಲ ಕಾಲ ಬುಡದಲ್ಲಿಟ್ಟುಕೊಂಡು ನಿಂತಿದ್ದ. ಮಳೆ ಹಿಂದೆಗೆದು ಬಿಸಿಲು ಚುರುಗುಟ್ಟುತ್ತಿತ್ತು.

"ಹಬ್ಬದ ತನಕರ ಇರಬಾರ್ದೇನೋ? ಮೇಸ್ತ್ರಿ ಕೆಲಸ ಹಂಗ ಐತಿ. ಹಬ್ಬ ಬ್ಯಾಡಂದ್ರ ಈ ತಿಂಗಳ ಕೊನಿಗರ…"

ಅವನು ನಕ್ಕ. ಅವನು ನಗುವುದನ್ನು ಆವರೆಗೆ ನಾನು ನೋಡಿರಲಿಲ್ಲ. ಒಳ್ಳೆಯ ನಗು.

"ಇದನ್ನೂ ಚೌಕಾಸಿ ಮಾಡ್ತೀರೇನ್ರಿ, ಸಾವ್ಕಾರ್ರ?"

ನಾನೂ ನಗಲು ನೋಡಿದೆ. ಆಗಲಿಲ್ಲ. ಊರಿನಲ್ಲಿ ಹೇಗಿದೆ ಎಂದು ಕೇಳಿದೆ. ಈಗ ಹಾಲು ಹಾಕಲು ತಾಯಿಯೇ ಡೇರಿಗೆ ಹೋಗುತ್ತಾಳೆ ಎಂದ. ನಾಲಿಗೆಯ ಮೇಲೆ ಒಂದು ಮಾತು ಬಂದು ಕೂತಿತ್ತು. ದೊಡ್ಡ ಮಾತೇನಲ್ಲ, ಭಾವ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದಿದ್ದರು, ನಾನು ಮುಚ್ಚಿಟ್ಟೆ, ಅವತ್ತು ಸ್ವಿಚ್ಚು ನನ್ನ ಕೈಗೆ ಸಿಗುವಂತಿತ್ತು, ಇಷ್ಟೇ. ಅವನಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಚೀಲ ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ನೆಟ್ಟಗಾದ.

"ಏನರ ಹೇಳೋದೈತೇನ್ರಿ?"

ಕೇಳಿ, ಕಾದ. ಅವಸರ ಮಾಡಲಿಲ್ಲ.

"ಏನಿಲ್ಲಪ್ಪ" ಎಂದೆ. "ಬಳ್ಳಾರಿ ಬಸ್ಸು ಬಂತು ನೋಡು."